ಅಪ್ಪನ ಹೆಸರಿಗೊಂದು ದಿ.

ಪ್ರತಿ ಸಂಜೆ ಡೈರಿಯ ಪುಟದ ಮೇಲ್ತುದಿಯಲ್ಲಿ ನಾನು ಮೊದಲು ಬರೆಯುವುದು ದಿ. ಎಂಬ ಅಕ್ಷರ. ಅದರ ಪಕ್ಕದಲ್ಲಿ ತಾರೀಕು. ದಿನಾಂಕ ಎಂಬುದನ್ನು ಚುಟುಕಾಗಿ ಹಾಗೆ ಬರೆಯುತ್ತೇವೆ ಎಂದು ನನಗೆ ಚೆನ್ನಾಗಿ ಗೊತ್ತು, ಕನ್ನಡ ಎಂ.ಎ. ಮಾಡಿ ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡವನ್ನೇ ಕಲಿಸುವವಳು ನಾನು. ಆದರೂ ಆ ಅಕ್ಷರ ಬರೆದ ಕೂಡಲೇ ಪೆನ್ನು ಅರೆಕ್ಷಣ ನಿಲ್ಲುತ್ತದೆ. ಅದರ ಮುಂದೆ ತಾರೀಕಿನ ಬದಲು ಒಬ್ಬರ ಹೆಸರು ಬರಬೇಕಿತ್ತೇನೋ ಎಂಬಂತೆ.

ನಮ್ಮ ಕಡೆ ಈ ಅಕ್ಷರ ಕಾಣಸಿಗದ ಜಾಗವಿಲ್ಲ. ಬಸ್ಸು ಕಾಯುವ ತಂಗುದಾಣದ ಹಣೆಯ ಮೇಲೆ ದಿ. ಇಂಥವರ ಸ್ಮರಣಾರ್ಥ ಎಂದಿರುತ್ತದೆ. ಕಬಡ್ಡಿ ಪಂದ್ಯಾಟದ ಬ್ಯಾನರಿನಲ್ಲಿ ಇರುತ್ತದೆ, ಭಜನಾ ಮಂದಿರದ ಊಟದ ತಟ್ಟೆಗಳ ಅಂಚಿನಲ್ಲಿ ಚುಚ್ಚಿ ಚುಚ್ಚಿ ಬರೆದಿರುತ್ತದೆ, ಪತ್ರಿಕೆಯ ಮೂಲೆಯಲ್ಲಿ ವರ್ಷಕ್ಕೊಮ್ಮೆ ಅದೇ ಫೋಟೊದ ಜೊತೆ ಬರುತ್ತದೆ. ನಾನು ಕಲಿತ ಪ್ರಾಥಮಿಕ ಶಾಲೆಯಲ್ಲಿ ಅದು ಫ್ಯಾನಿನ ರೆಕ್ಕೆಗಳ ಮೇಲಿತ್ತು. ಯಾರೋ ತಮ್ಮ ತಂದೆಯ ನೆನಪಿಗೆ ಕೊಟ್ಟ ಫ್ಯಾನು. ಒಂದು ರೆಕ್ಕೆಯಲ್ಲಿ ದಿ., ಇನ್ನೊಂದರಲ್ಲಿ ಹೆಸರು, ಮತ್ತೊಂದರಲ್ಲಿ ಊರು. ಕರೆಂಟು ಹೋಗಿ ಫ್ಯಾನು ನಿಧಾನವಾದಾಗ ಮಾತ್ರ ಸತ್ತವರು ಓದಲು ಸಿಗುತ್ತಿದ್ದರು.

ಚಿಕ್ಕವಳಿದ್ದಾಗ ನನಗೆ ಆ ಅಕ್ಷರದ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳ ಅಪ್ಪ ಅಡಿಕೆ ಮರದಿಂದ ಬಿದ್ದು ತೀರಿಕೊಂಡಿದ್ದರು. ಹಾಜರಿ ಕರೆಯುವಾಗ ಟೀಚರು ಅವಳ ತಲೆ ಸವರುತ್ತಿದ್ದರು. ಅವಳ ಅಪ್ಪ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನನ್ನು ಕೇಳುತ್ತಿದ್ದರು. ಮಕ್ಕಳೂ ಕೇಳುತ್ತಿದ್ದರು, ಅಂಗಡಿಯವರೂ ಕೇಳುತ್ತಿದ್ದರು. "ಎಂತ ಮಗಾ, ಅಪ್ಪನ ಸುದ್ದಿ ಎಂತಾದ್ರೂ ಉಂಟಾ?" ಎನ್ನುವಾಗ ಅವರ ಬಾಯಿಯ ಮೂಲೆಯಲ್ಲಿ ಒಂದು ನಗು ಕಾಣುತ್ತಿತ್ತು. ಅದು ನಿಜವಾಗಿಯೂ ಇತ್ತೋ, ಆಮೇಲೆ ನಾನೇ ಅಂಟಿಸಿದ್ದೋ, ಈಗ ಹೇಳಲಾರೆ.

ಅಪ್ಪ ಬೇರೆಯವರ ಲಾರಿ ಓಡಿಸುತ್ತಿದ್ದ. ಕೆಂಪು ಕಲ್ಲು, ಮರ, ಕೆಲವು ಸಲ ರಬ್ಬರ್ ಶೀಟು. ತಂಗಿ ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ದಿನ ಲಾರಿಯನ್ನು ಧಣಿಯ ಅಂಗಳದಲ್ಲಿ ನಿಲ್ಲಿಸಿ, ಕೀ ಕೊಟ್ಟು, ಸಂಪಾಜೆಯಲ್ಲಿ ಘಾಟಿ ಹತ್ತುವ ಬಸ್ಸು ಹತ್ತಿದನಂತೆ. ನೋಡಿದವರು ಇದ್ದಾರೆ. ಆಮೇಲೆ ಕುಶಾಲನಗರದಲ್ಲಿ ಒಬ್ಬರು ನೋಡಿದರು, ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಬ್ಬರು, ಜೊತೆಯಲ್ಲಿ ಒಂದು ಹೆಂಗಸೂ ಇದ್ದಳು ಎಂದು ಮತ್ತೊಬ್ಬರು. ಪೊಲೀಸರಿಗೆ ಹೇಳಿದ್ದಾಯಿತು, ಅಂಜನ ಹಾಕಿಸಿ ನೋಡಿದ್ದೂ ಆಯಿತು. ನಂತರ ಯಾರಿಗೂ ಕಾಣಲಿಲ್ಲ.

ನನಗಿರುವ ನೆನಪು ಒಂದೇ. ಅಪ್ಪ ಲಾರಿಯ ಬಾಗಿಲಲ್ಲಿ ನಿಂತು ಹೆಗಲ ಬೈರಾಸನ್ನು ತಲೆಗೆ ಸುತ್ತುತ್ತಿದ್ದಾನೆ. ಇದನ್ನು ವರ್ಷಗಟ್ಟಲೆ ಜೋಪಾನ ಮಾಡಿದ್ದೆ. ಒಮ್ಮೆ ಅವ್ವನಿಗೆ ಹೇಳಿದಾಗ ಅವಳು, "ಅವ್ರು ಯಾವಾಗ ತಲೆಗೆ ಬೈರಾಸು ಸುತ್ತಿದ್ರು? ಅದು ಇನ್ನೊಬ್ಬ ಡ್ರೈವರ್, ಹಲ್ಲು ಮುಂದೆ ಇದ್ದವ" ಎಂದಳು. ಅಲ್ಲಿಗೆ ಅಪ್ಪನದೆಂದು ನನ್ನಲ್ಲಿ ಏನೂ ಉಳಿಯಲಿಲ್ಲ.

ನಮ್ಮ ಮನೆಯ ಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಗೆ ಬರೆಯುವಾಗ ಮನೆಯವರ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿರಬಹುದು.

ಕಳೆದ ವರ್ಷ ತಂಗಿಯ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ಕಡಬದ ಹತ್ತಿರದವರು, ಒಳ್ಳೆಯ ಜನ. ಮದುವೆಯ ಕಾಗದದ ಒಕ್ಕಣೆಯನ್ನು ಚೀಟಿಯಲ್ಲಿ ಬರೆದುಕೊಂಡು ದೊಡ್ಡಪ್ಪ ಒಂದು ಭಾನುವಾರ ಮಂಡೆಕೋಲಿನ ನಮ್ಮ ಮನೆಗೆ ಬಂದರು. ಅಪ್ಪನ ಅಣ್ಣ ಅವರು. ಅಪ್ಪ ಹೋದ ಮೇಲೆ ನಮ್ಮ ಮನೆಯ ದೊಡ್ಡ ಕೆಲಸಗಳನ್ನೆಲ್ಲ ಮುಂದೆ ನಿಂತು ಮಾಡಿಸಿದವರು, ಅದನ್ನು ಒಮ್ಮೆಯೂ ಎತ್ತಿ ಆಡದವರು. ಕನ್ನಡ ಕಲಿತವಳೆಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ತಂಗಿಯ ಹೆಸರಿನ ಮೇಲಿನ ಸಾಲಿನಲ್ಲಿ, ಅಪ್ಪನ ಹೆಸರಿನ ಮೊದಲು, ದಿ. ಇತ್ತು.

"ದೊಡ್ಡಪ್ಪ, ಇದು?" ಎಂದೆ.

"ಮತ್ತೆಂತ ಹಾಕುದು? ಶ್ರೀ ಹಾಕಿದ್ರೆ ಜನ ಮಂಟಪದಲ್ಲಿ ಹುಡುಕ್ತಾರೆ, ಎಲ್ಲಿ ಹುಡುಗಿ ಅಪ್ಪ ಅಂತ."

"ಗಂಡಿನವರಿಗೆ ವಿಷಯ ಗೊತ್ತುಂಟಲ್ಲ?"

"ಅವ್ರಿಗೆ ಗೊತ್ತುಂಟು. ಅವ್ರ ನೆಂಟರಿಗೆ ಒಬ್ಬೊಬ್ಬರಿಗೆ ಕೂತು ಹೇಳ್ಲಿಕ್ಕೆ ಆಗ್ತದಾ? ಒಂದು ಅಕ್ಷರ ಹಾಕಿದ್ರೆ ಮುಗೀತು. ಯಾರೂ ಮುಂದೆ ಕೇಳುದಿಲ್ಲ."

ತಂಗಿ ಮೊಬೈಲಿನಿಂದ ತಲೆ ಎತ್ತದೆ, "ನಂಗೆ ಯಾವುದಾದ್ರೂ ಆಗ್ತದೆ. ಮುಖವೇ ಗೊತ್ತಿಲ್ಲದವ್ರಿಗೆ ಎಂತ ಹಾಕಿದ್ರೆ ಎಂತ? ಕಾಗದ ಬೇಗ ಆಗ್ಲಿ, ನನ್ನ ಫ್ರೆಂಡ್ಸಿಗೆ ಕೊಡ್ಲಿಕ್ಕುಂಟು" ಎಂದಳು.

ದೊಡ್ಡಪ್ಪ ಎದ್ದು ಹೋಗುವ ಮೊದಲು ತಗ್ಗಿದ ಸ್ವರದಲ್ಲಿ ಇನ್ನೊಂದು ಮಾತು ಹೇಳಿದರು. "ಧಾರೆಗೆ ನಾನೂ ದೊಡ್ಡವ್ವನೂ ನಿಲ್ತೇವೆ. ನಿನ್ನ ಅವ್ವನಿಗೆ ನೀನೇ ನಿಧಾನಕ್ಕೆ ಹೇಳು."

ಆಗಲೇ ಅದರ ತೂಕ ತಿಳಿದದ್ದು. ಆ ಅಕ್ಷರ ಅಚ್ಚಾದರೆ ಅವ್ವ ಗಂಡ ಸತ್ತವಳು. ಗಂಡ ಸತ್ತವಳು ಧಾರೆಯ ನೀರು ಎರೆಯುವ ವಾಡಿಕೆ ನಮ್ಮಲ್ಲಿಲ್ಲ. ಅವ್ವ ಇಷ್ಟು ವರ್ಷವೂ ಕರಿಮಣಿ ತೆಗೆದಿಲ್ಲ, ಕುಂಕುಮ ಅಳಿಸಿಲ್ಲ. ಬೇರೆಯವರ ತೋಟದಲ್ಲಿ ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮಾಡಿ, ಮಧ್ಯಾಹ್ನ ಶೀಟು ಒತ್ತಿ ನಮ್ಮಿಬ್ಬರನ್ನು ಬೆಳೆಸಿದವಳು. ಸ್ವಂತ ಮಗಳ ಧಾರೆಯಲ್ಲಿ ಅವಳು ಕಂಬದ ಮರೆಯಲ್ಲಿ ನಿಲ್ಲಬೇಕು.

ನನ್ನ ಮದುವೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ನಾನೂ ನನ್ನ ಗಂಡನೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮುಗಿಸಿದ್ದೆವು. ನಮಗೆ ಸರಳತೆ ಇಷ್ಟ ಎಂದು ಎಲ್ಲರಿಗೂ ಹೇಳಿದ್ದೆ, ಕೆಲವರು ಹೊಗಳಿದ್ದರು ಕೂಡ. ಕಾಗದ ಮುದ್ರಿಸಬೇಕಾಗಿ ಬರುವುದಿಲ್ಲ ಎಂಬುದೂ ಒಂದು ಕಾರಣವಾಗಿತ್ತೇ? ಆಗಿತ್ತು ಎಂದು ಈಗ ಅನಿಸುತ್ತದೆ. ಆಗಲೇ ಗೊತ್ತಿತ್ತೋ ಏನೋ. ಆ ದಿನದ ಡೈರಿಯಲ್ಲಿ ಸರಳತೆಯ ಬಗ್ಗೆ ಮಾತ್ರ ಬರೆದಿದ್ದೇನೆ.

ಸಂಜೆ ಅವ್ವ ಶೀಟು ಒಣಹಾಕುತ್ತಿದ್ದಲ್ಲಿಗೆ ಹೋಗಿ ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ. ಅವಳು ಅಳಬಹುದು, ಸಿಟ್ಟಾಗಬಹುದು. ನಾನು ಅವಳ ಪರವಾಗಿ ದೊಡ್ಡಪ್ಪನ ಹತ್ತಿರ ವಾದಿಸಬೇಕಾಗಬಹುದು ಎಂದೆಲ್ಲ ಎಣಿಸಿದ್ದೆ. ಅವ್ವ ಬಿಳಿ ಶೀಟನ್ನು ಕೊಡವಿ ಬಿದಿರಿನ ಮೇಲೆ ಹಾಕಿದಳು.

"ಹಾಕ್ಲಿ. ಅದ್ರಲ್ಲಿ ಎಂತ ಉಂಟು?"

"ಅವ್ವ, ಅದು ಹಾಕಿದ್ರೆ ಅಪ್ಪ ಸತ್ತಿದ್ದಾನೆ ಅಂತ ಅರ್ಥ."

"ನಂಗೆ ಅಕ್ಷರ ಬರ್ತದೆ ಮಾರಾಯ್ತಿ, ಏಳನೇ ಕ್ಲಾಸು ಪಾಸು ನಾನು. ಓಡಿಹೋದವನ ಹೆಂಡ್ತಿ ಅಂತ ಕೇಳಿ ಕೇಳಿ ಸಾಕಾಯ್ತು. ಸತ್ತವನ ಹೆಂಡ್ತಿ ಅಂದ್ರೆ ಜನ ಪಾಪ ಅಂತ ಒಂದು ಚಾ ಆದ್ರೂ ಕೊಡ್ತಾರೆ."

"ಧಾರೆಗೆ ದೊಡ್ಡಪ್ಪ, ದೊಡ್ಡವ್ವ ನಿಲ್ತಾರಂತೆ."

ಅವಳು ಇನ್ನೊಂದು ಶೀಟು ಕೊಡವಿದಳು. "ಅದು ಆಮೇಲಿನ ಮಾತು" ಎಂದಳು.

ಆಮೇಲಿನ ಮಾತು ಎಂದರೆ ಏನೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಕೇಳದೆ ಇದ್ದದ್ದು ನನಗೆ ಹಗುರವಾದದ್ದರಿಂದ. ಅವಳು ಹಾಕ್ಲಿ ಎಂದ ಕೂಡಲೇ ಎದೆಯೊಳಗೆ ಏನೋ ಸಡಿಲವಾದದ್ದು ಗೊತ್ತಾಯಿತು. ಫ್ಯಾನಿನ ರೆಕ್ಕೆಯಲ್ಲಿ ಓದಿದ ಅಕ್ಷರ ಕೊನೆಗೂ ನಮ್ಮ ಮನೆಗೂ ಬಂತು ಎಂಬ ಹಾಗೆ. ತಂದೆ ಬದುಕಿರುವನೋ ಇಲ್ಲವೋ ತಿಳಿಯದ ಮಗಳಿಗೆ ಬರಬಾರದ ಸಮಾಧಾನ ಅದು.

ಮಾರನೇ ದಿನ ಸುಳ್ಯದ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನವರು ಬ್ಯಾರಿ ಮುಸ್ಲಿಂ, ನಮ್ಮ ಊರಿನ ಎಲ್ಲ ಜಾತಿಯ ಮದುವೆ ಕಾಗದಗಳನ್ನೂ ಮಾಡುವವರು, ಮಾತುಗಾರ. ಕಂಪ್ಯೂಟರಿನಲ್ಲಿ ಹಳೆಯ ಕಾಗದವೊಂದನ್ನು ತೆರೆದು ಅದರ ಹೆಸರುಗಳನ್ನು ಅಳಿಸುತ್ತಾ ನಮ್ಮದನ್ನು ತುಂಬಿಸತೊಡಗಿದರು.

"ತಂದೆಗೆ ಶ್ರೀಯಾ, ದಿ.ಯಾ, ಟೀಚರೇ?"

ಚೀಟಿಯನ್ನು ಅವರತ್ತ ತಿರುಗಿಸಿದೆ.

"ಓ, ತೀರಿಕೊಂಡದ್ದಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡಿ. ಸುದ್ದಿ ಬಂತಾ?"

"ಹಾಗೆಂತ ಇಲ್ಲ. ಎರಡೂ ಬೇಡ, ಬರೀ ಹೆಸರು ಹಾಕಿದ್ರೆ ಹೇಗೆ?"

"ಬೋಳು ಬೋಳು ಕಾಣ್ತದೆ ಮಾರಾಯ್ರೆ. ಪಕ್ಕದಲ್ಲಿ ಎಲ್ಲರಿಗೂ ಶ್ರೀ, ಶ್ರೀಮತಿ ಇರ್ತದಲ್ಲ. ಪ್ರಿಂಟು ತಪ್ಪಿದೆ ಅಂತ ಬಂದವ್ರು ನನ್ನನ್ನೇ ಬೈತಾರೆ. ನಮ್ಮವರ ಕಾಗದದಲ್ಲೂ ಹಾಗೆಯೇ, ತೀರಿಕೊಂಡವ್ರಿಗೆ ಮರ್ಹೂಂ ಅಂತ ಹಾಕ್ಲೇಬೇಕು. ಇಲ್ಲದಿದ್ರೆ ಮೇಲೆ ಹೋದವ್ರಿಗೆ ಮರ್ಯಾದಿ ಇಲ್ಲ."

ಮರ್ಯಾದೆ. ಆ ಪದವೇ ಸಾಕಾಯಿತು. "ದಿ. ಹಾಕಿ" ಎಂದೆ. ಅವರು ಬೆರಳಲ್ಲಿ ಎರಡು ಸಲ ಒತ್ತಿದರು. ಅದೇ ಕಾಗದದ ಕೆಳಗೆ ಮುಹೂರ್ತದ ತಾರೀಕಿನ ಹಿಂದೆಯೂ ದಿ. ಇತ್ತು. ನನ್ನ ವಿದ್ಯಾರ್ಥಿಗಳಿಗೆ ನಾನು ದಿವಂಗತ ಪದವನ್ನು ಬಿಡಿಸಿ ಹೇಳಿದ್ದುಂಟು: ಸ್ವರ್ಗಕ್ಕೆ ಹೋದವನು. ಹೋದವನು ಎಲ್ಲಿಗೆ ಹೋದ ಎಂದು ಖಚಿತವಾಗಿ ಹೇಳುವ ಪದ. ಅಪ್ಪನ ವಿಷಯದಲ್ಲಿ ನಮ್ಮಲ್ಲಿ ಇಲ್ಲದಿದ್ದದ್ದು ಅದೊಂದೇ. ಪ್ರೆಸ್ಸಿನ ಕುರ್ಚಿಯಲ್ಲಿ ಕೂತು ಅದನ್ನು ನಾನು ತುಂಬಿಸಿಕೊಟ್ಟೆ.

ಕಾಗದ ಬಂತು, ಹಂಚಿಯೂ ಆಯಿತು. ಅಕ್ಷರ ಅದರ ಕೆಲಸ ಮಾಡಿತು. ಕಾಗದ ಕೊಡಲು ಹೋದ ಮನೆಗಳಲ್ಲಿ ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟು "ಛೇ" ಎನ್ನುತ್ತಿದ್ದರು. ಯಾರೂ ಯಾವಾಗ, ಹೇಗೆ ಎಂದು ಕೇಳಲಿಲ್ಲ. ವಿಷಯ ಪೂರ್ತಿ ತಿಳಿದಿದ್ದವರೂ ಕೇಳಲಿಲ್ಲ. ಇಷ್ಟು ಸುಲಭವಾಗಿತ್ತೇ ಎಂದು ನನಗೆ ಆಶ್ಚರ್ಯವಾಯಿತು.

ಮದುವೆಯ ಹಿಂದಿನ ದಿನ ಗುರುಕಾರಣರಿಗೆ ಬಡಿಸುವುದು. ಮನೆಯಲ್ಲಿ ಶುಭಕಾರ್ಯವಿದ್ದರೆ ತೀರಿಹೋದ ಹಿರಿಯರಿಗೆ ಮೊದಲು ಊಟ ಹಾಕುವ ಕ್ರಮ ನಮ್ಮಲ್ಲಿದೆ. ಅದು ದೊಡ್ಡಪ್ಪನ ಮನೆಯ ನಡುಕೋಣೆಯಲ್ಲಿ ನಡೆಯಿತು. ಹೊತ್ತು ಮುಳುಗುವಾಗ ದೀಪ ಹಚ್ಚಿ, ನೆಲದ ಮೇಲೆ ಬಾಳೆಲೆಗಳನ್ನು ಸಾಲಾಗಿ ಹಾಸುತ್ತಾರೆ. ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಎಲೆ. ಅನ್ನ, ಕೋಳಿ ಸಾರು, ಅವರವರಿಗೆ ಇಷ್ಟವಿದ್ದದ್ದು ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಉಂಡು ಏಳುವಷ್ಟು ಹೊತ್ತು ನಾವೆಲ್ಲ ಹೊರಗೆ ಸುಮ್ಮನೆ ನಿಲ್ಲುತ್ತೇವೆ.

ದೊಡ್ಡಪ್ಪ ಎಲೆಗಳನ್ನು ಹಾಸಿ ಮುಗಿಸಿದ್ದರು. ಅವ್ವ ಒಳಗಿನಿಂದ ಅನ್ನದ ಪಾತ್ರೆ ತಂದವಳು ಬಾಗಿಲಲ್ಲೇ ನಿಂತು ಸಾಲನ್ನು ನೋಡಿದಳು.

"ಬಾವ, ಒಂದು ಎಲೆ ಕಮ್ಮಿ ಉಂಟು."

"ಎಲ್ಲಿ ಕಮ್ಮಿ? ಸರಿಯಾಗಿಯೇ ಉಂಟಲ್ಲ."

"ಇವಳ ಅಪ್ಪಂದು ಎಲ್ಲಿ?"

ದೊಡ್ಡಪ್ಪ ಕೂತಲ್ಲೇ ನನ್ನತ್ತ ನೋಡಿದರು. ನಾನು ದೀಪದತ್ತ ನೋಡಿದೆ.

"ಹಾಗೆಲ್ಲ ಇಡ್ಲಿಕ್ಕೆ ಬರುದಿಲ್ಲ" ಎಂದರು. "ಕ್ರಿಯೆ ಆಗದವನನ್ನು ಹಿರಿಯರ ಸಾಲಿಗೆ ಸೇರಿಸುದು ಹೇಗೆ? ಎಲ್ಲಿಯಾದ್ರೂ ಇದ್ರೆ? ಇದ್ದವನ ಹೆಸರಲ್ಲಿ ಎಲೆ ಹಾಕಿದ್ರೆ ಅವನ ಆಯುಷ್ಯಕ್ಕೇ ಕೇಡು."

"ಈಗ ಇದ್ರೆ ಅಂತೀರಿ. ಊರಿಗೆಲ್ಲ ಕಾಗದ ಹಂಚುವಾಗ ಈ ಮಾತು ಬರ್ಲಿಲ್ಲ."

"ಅದು ಕಾಗದ ಮಾರಾಯ್ತಿ. ಇದು ಎಲೆ."

ಅವ್ವ ಪಾತ್ರೆಯನ್ನು ನೆಲಕ್ಕಿಟ್ಟಳು. ಅವಳ ಸ್ವರ ಏರಲಿಲ್ಲ. "ಎಲೆ ಹಾಕಿ ಬಾವ. ನಾನು ಈಗಲೇ ಇದನ್ನು ಬಿಚ್ಚಿ ದೀಪದ ಹತ್ರ ಇಡ್ತೇನೆ" ಎಂದು ಕರಿಮಣಿ ಮುಟ್ಟಿ ತೋರಿಸಿದಳು. "ಹಾಕುದಿಲ್ಲ ಅಂತಾದ್ರೆ ನಾಳೆ ಧಾರೆಯ ಗಿಂಡಿ ನಾನೇ ಹಿಡೀತೇನೆ. ಎಲೆ ಇಲ್ಲದವನ ಹೆಂಡ್ತಿ ನೀರು ಎರೀಬಾರ್ದು ಅಂತ ಯಾವ ಹಿರಿಯರಾದ್ರೂ ಹೇಳಿದ್ದುಂಟಾ?"

ದೊಡ್ಡಪ್ಪನ ಕೈಯಲ್ಲಿ ಇನ್ನೂ ಒಂದು ಎಲೆ ಉಳಿದಿತ್ತು. ಅದನ್ನು ಹಾಸಲೂ ಇಲ್ಲ, ಕೆಳಗಿಡಲೂ ಇಲ್ಲ. ದೊಡ್ಡವ್ವ ಒಳಗಿನಿಂದ, "ಅನ್ನ ತಣೀತದೆ, ಮೊದ್ಲು ಬಡಿಸಿ. ಅವ್ರೇನು ನಿಮ್ಮ ಜಗಳ ಕೇಳ್ಲಿಕ್ಕೆ ಬಂದದ್ದಾ?" ಎಂದರು. ಅವ್ವ ಸಾರು ತರಲು ಒಳಗೆ ಹೋದಳು. ಎಲೆಗಳು ಇದ್ದಷ್ಟೇ ಉಳಿದವು.

ಇಡೀ ಹೊತ್ತು ನಾನು ಒಂದು ಮಾತೂ ಆಡಲಿಲ್ಲ. ಗಂಡ ಸತ್ತ ಹೆಂಗಸರನ್ನು ಶುಭಕಾರ್ಯದಿಂದ ದೂರ ನಿಲ್ಲಿಸುವುದರ ಬಗ್ಗೆ ತರಗತಿಯಲ್ಲಿ ಬಿಸಿಬಿಸಿಯಾಗಿ ಮಾತಾಡಿದವಳು. ಅಲ್ಲಿ ನನ್ನ ಬಾಯಿ ಕಟ್ಟಿದ್ದು ವಾಡಿಕೆಯ ಮೇಲಿನ ಗೌರವ ಅಲ್ಲ. ನಾಳೆ ಅವ್ವ ಕುಂಕುಮ ಇಟ್ಟು, ಕರಿಮಣಿ ಹಾಕಿ ಮಂಟಪದಲ್ಲಿ ನಿಂತರೆ, ಕಾಗದ ಓದಿ ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಾಗಾದರೆ ಸತ್ತಿಲ್ಲವಾ ಎನ್ನುತ್ತಾರೆ. ಓಡಿಹೋದ ಅಪ್ಪ ಸಭಾಭವನದ ನಡುವೆ ಮತ್ತೆ ಬಂದು ನಿಲ್ಲುತ್ತಾನೆ. ನಾನು ಯೋಚಿಸಿದ್ದು ಇಷ್ಟನ್ನೇ.

ಸುಳ್ಯದ ಸಭಾಭವನದಲ್ಲಿ ಮುಹೂರ್ತದ ಹೊತ್ತಿಗೆ ಜನ ತುಂಬಿದ್ದರು. ಮಂಟಪದಲ್ಲಿ ದೊಡ್ಡಪ್ಪ ಶಾಲು ಹೊದ್ದು ನಿಂತಿದ್ದರು, ಪಕ್ಕದಲ್ಲಿ ದೊಡ್ಡವ್ವ. ನಾನು ಹೂವಿನ ತಟ್ಟೆ ಹಿಡಿದು ಮೆಟ್ಟಿಲ ಬಳಿ ಇದ್ದೆ. ಅವ್ವ ಕೆಳಗಿನಿಂದ ಬಂದಳು. ಹೊಸ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಕೈಯಲ್ಲಿ ನೀರು ತುಂಬಿದ ಗಿಂಡಿ. ಅವಳು ನನ್ನನ್ನು ದಾಟುವಾಗ ನನ್ನ ಕೈ ಅವಳ ಸೆರಗನ್ನು ಹಿಡಿಯಿತು.

ಯಾಕೆ ಹಿಡಿದೆ? ಸೆರಗು ಜಾರುತ್ತಿತ್ತು, ಸರಿಮಾಡಲು ಹೋದೆ ಎಂದು ಆ ದಿನ ನನಗೆ ನಾನೇ ಹೇಳಿಕೊಂಡೆ. ಅವ್ವ ನಿಂತು ಹಿಂದೆ ತಿರುಗಿ, "ಬಿಡು ಮಗಾ, ನೀರು ಚೆಲ್ತದೆ" ಎಂದಳು. ನಾನು ತಕ್ಷಣ ಬಿಟ್ಟೆ, ಅವಳು ಮೆಟ್ಟಿಲು ಹತ್ತಿದಳು. ನನ್ನ ನೆನಪಿನಲ್ಲಿ ಇದ್ದದ್ದು ಇಷ್ಟು.

ದೊಡ್ಡವ್ವ ಅವಳನ್ನು ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಬಸ್ಸಿನ ಸೀಟಿನಲ್ಲಿ ಜಾಗ ಕೊಡುವಷ್ಟೇ ಸಹಜವಾಗಿ. ದೊಡ್ಡಪ್ಪ ತಂಗಿಯ ಕೈಯನ್ನು ಗಂಡಿನ ಕೈಯ ಮೇಲಿಟ್ಟರು. ಅವ್ವ ಗಿಂಡಿ ಬಗ್ಗಿಸಿದಳು. ಸಭೆಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಥವಾ ನೋಡಿದರೋ ಏನೋ. ನಾನು ಅವರನ್ನೇ ಗಮನಿಸುತ್ತಾ ನಿಂತಿದ್ದರಿಂದ ನೀರು ಬೀಳುವುದನ್ನು ನಾನೇ ನೋಡಲಿಲ್ಲ. ಗಂಡಿನ ತಾಯಿ ಆಮೇಲೆ ಅವ್ವನ ಹತ್ತಿರ ಬಂದು, "ನಿಮ್ಮ ಕೈ ಎಂತ ಗಟ್ಟಿ ಮಾರಾಯ್ರೆ, ಒಂದು ಹನಿ ಆಚೀಚೆ ಹೋಗ್ಲಿಲ್ಲ" ಎಂದದ್ದು ಕೇಳಿಸಿತು. "ರಬ್ಬರ್ ಹಾಲು ಹಿಡಿದ ಕೈ ಅಲ್ವಾ" ಎಂದು ಅವ್ವ ನಕ್ಕಳು.

ಮದುವೆಯ ವಿಡಿಯೋ ಬಂದು ಕೆಲವು ತಿಂಗಳಾಯಿತು. ಅವ್ವ ಪೆನ್‌ಡ್ರೈವನ್ನು ಟಿವಿಯಿಂದ ತೆಗೆದೇ ಇಲ್ಲ. ನಾನು ಊರಿಗೆ ಹೋದಾಗೆಲ್ಲ ಅದು ಓಡುತ್ತಿರುತ್ತದೆ, ಮೆಟ್ಟಿಲಿನ ಭಾಗ ಬರುವ ಹೊತ್ತಿಗೆ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸವಿರುತ್ತದೆ. ಕಳೆದ ವಾರ ಅವ್ವ ಬಿಡಲಿಲ್ಲ.

"ಬಾ ಇಲ್ಲಿ, ಕೂತ್ಕೋ. ನೀನು ಬರ್ತಿ ನೋಡು ಈಗ."

ಕೂತೆ. ಮೆಟ್ಟಿಲು ಬಂತು, ಗಿಂಡಿ ಬಂತು, ನನ್ನ ಕೈ ಬಂತು. ಸರಿಮಾಡುವ ಕೈಯಲ್ಲ. ಸೆರಗಿನ ಅಂಚು ಪೂರ್ತಿ ಮುಷ್ಟಿಯೊಳಗಿದೆ. ಅವ್ವ ತಿರುಗಿ ಏನೋ ಹೇಳುವುದು ಕಾಣುತ್ತದೆ, ನಾದಸ್ವರದಲ್ಲಿ ಮಾತು ಕೇಳಿಸುವುದಿಲ್ಲ. ಆಮೇಲೂ ನನ್ನ ಮುಷ್ಟಿ ಬಿಡುವುದಿಲ್ಲ. ಅವಳು ಭುಜ ಒಮ್ಮೆ ಎಳೆದು, ಸೆರಗನ್ನು ಬಿಡಿಸಿಕೊಂಡು ಮೇಲೆ ಹೋಗುತ್ತಾಳೆ. ನನ್ನ ಕಣ್ಣು ಅವಳ ಮೇಲಿಲ್ಲ, ಸಭೆಯ ಕಡೆಗಿದೆ.

"ಎಷ್ಟು ಗಟ್ಟಿ ಹಿಡಿದಿದ್ದಿ ನೋಡು" ಎಂದಳು ಅವ್ವ. "ಸೀರೆ ಹರೀಲಿಲ್ಲ ಪುಣ್ಯಕ್ಕೆ."

ಅವಳು ನಗುತ್ತಿದ್ದಳು. ಅದರಲ್ಲಿ ಕೊಂಕು ಇತ್ತೇ ಎಂದು ಅವಳ ಮುಖ ನೋಡಿದೆ, ನನಗೆ ಕಾಣಲಿಲ್ಲ. ಅಷ್ಟರಲ್ಲಿ ಅವಳು ರಿಮೋಟು ಹಿಡಿದು ಹಿಂದಕ್ಕೆ ಓಡಿಸುತ್ತಿದ್ದಳು. ಅವಳಿಗೆ ಮತ್ತೊಮ್ಮೆ ನೋಡಬೇಕಿದ್ದದ್ದು ನೀರು ಬೀಳುವುದು. ಅದಕ್ಕಿಂತ ಮೊದಲು ಪ್ರತಿ ಸಲವೂ ನನ್ನ ಕೈ ಬರುತ್ತದೆ.